ಮೊಹರು ಬಿದ್ದ ಗಾಡಿ

ಆ ನಿಘಂಟಿನ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಪದದ ಅರ್ಥ, ಮೂಲ ಬರೆದವರು ಎದ್ದು ನಿಂತು ಎಲ್ಲರೆದುರು ಓದಬೇಕು. ಯಾರೂ ಚಕಾರವೆತ್ತದಿದ್ದರೆ ಗುಮಾಸ್ತ ಹಾಳೆಗೆ ಮೊಹರು ಒತ್ತುತ್ತಿದ್ದ. ಆಮೇಲೆ ಸಂಪಾದಕರೇ ತಲೆಕೆಳಗಾಗಿ ನಿಂತರೂ ಒಂದಕ್ಷರ ಅಲುಗುವಂತಿರಲಿಲ್ಲ. ಓದಿ ಮುಗಿಸಿದಾಗ ಕವಿಯುವ ಆ ಮೌನವೆಂದರೆ, ಅಲ್ಲಿ ಪದಗಳಿಗೆ ಅರ್ಥ ಬರೆಯುತ್ತಿದ್ದ ಅವಳಿಗೆ ಪ್ರಾಣ.

ಈ ಸಲ ಅವಳ ಪಾಲಿಗೆ ಬಂದದ್ದು ‘ರೀಚಾರ್ಜ್’. ಕುಡಿದರೆ ಚೈತನ್ಯ ಉಕ್ಕುತ್ತದೆಂದು ಬಣ್ಣದ ನೀರು ಮಾರುವ ಕಂಪನಿಯೊಂದು ಹೊಸ ಆವೃತ್ತಿಯ ಖರ್ಚು ಹೊತ್ತಿತ್ತು. ಬದಲಿಗೆ ಆ ಒಂದು ಪದದ ವಿವರಣೆ ತನಗೆ ಒಪ್ಪುವಂತಿರಬೇಕೆಂದು ಕೇಳಿತ್ತು.

“ಮೂಲ ಏನಂತ ಬರೆದೆ?” ಸಂಪಾದಕರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಕೇಳಿದರು.

“ಗಾಡಿ, ಸರ್. ಲ್ಯಾಟಿನ್ನಲ್ಲಿ ಗಾಡಿಗಿದ್ದ ಪದದಿಂದ ಗಾಡಿಗೆ ಹೇರೋದು ಅಂತಾಯ್ತು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ಚಾರ್ಜ್ ಆಯ್ತು. ರೀಚಾರ್ಜ್ ಅಂದ್ರೆ ಮತ್ತೆ ಹೇರೋದು. ಬ್ಯಾಟರಿ, ದಣಿದ ಮನುಷ್ಯ ಎಲ್ಲ ಆಮೇಲೆ ಬಂದಿದ್ದು.”

“ಅಯ್ಯೋ, ಗಾಡಿ ಯಾರಿಗೆ ಬೇಕಮ್ಮ? ಪ್ರಾಣಜ್ಯೋತಿ ಅಂತ ಏನಾದ್ರೂ ಹಾಕು. ತೆಗೆದು ನೋಡೋರು ಯಾರು?”

ಬಿಸ್ಕತ್ತು ಮುರಿದು ಕಪ್ಪಿನೊಳಗೆ ಬಿತ್ತು. ಅದಕ್ಕಾಗಿ ಬೆರಳಾಡಿಸುತ್ತಿದ್ದ ಪಂಡಿತ ಸಂಪಾದಕರನ್ನು ನೋಡಿ ಅವಳಿಗೆ ಹೇಸಿಗೆಯಾಯಿತು.

ಅವಳಿಗೆ ಕೆಲಸ ಕಲಿಸಿದ, ಪಕ್ಕದ ಮೇಜಿನ ಅಕ್ಕ ಪಿಸುಗುಟ್ಟಿದಳು: “ಅವರು ಹೇಳಿದ್ದನ್ನೇ ಬರಿ ಕಣೇ. ನಿಂದೇನು ಗಂಟು ಹೋಗುತ್ತೆ?”

“ನಿಂಗೆ ನಾಚಿಕೆ ಆಗಲ್ವಾ ಅಕ್ಕ?”

“ಆಗ್ತಿತ್ತು. ಮಂಡಿನೋವು ಶುರುವಾದ್ಮೇಲೆ ಬಿಟ್ಟೆ.”

ಓದುವ ದಿನ ಕಂಪನಿಯವನು ಬಾಟಲಿಗಳ ಪೆಟ್ಟಿಗೆಯೊಂದಿಗೆ ಬಂದ. ಹಾಳೆಯಿಂದ ಗಾಡಿಯನ್ನು ಯಾರಾದರೂ ತೆಗೆಸಿದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟು ಹೊರಡುವುದೆಂದು ನಿಶ್ಚಯಿಸಿಯೇ ಅವಳು ಎದ್ದಳು. ಬರೆದದ್ದನ್ನು ಬರೆದ ಹಾಗೆಯೇ, ಅಕ್ಷರ ಅಕ್ಷರ ಬಿಡಿಸಿ ಓದಿದಳು. ‘ಮತ್ತೆ ಹೇರುವುದು’ ಎಂಬಲ್ಲಿ ಬೇಕೆಂದೇ ತಡೆದು ನಿಂತಳು.

ಮೌನ.

ಅವಳು ತಲೆಯೆತ್ತಿದಳು. ಸಂಪಾದಕರು ಮೇಜಿನ ಕೆಳಗೆ ಮೊಬೈಲು ತೀಡುತ್ತಿದ್ದರು. ಕಂಪನಿಯವನು ಬಾಟಲಿಗಳ ಹೆಸರು ಮುಂದೆ ಕಾಣುವಂತೆ ಒಂದೊಂದನ್ನೇ ತಿರುಗಿಸಿಡುತ್ತಿದ್ದ. ಅಕ್ಕ ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ಗುಮಾಸ್ತ ಆಕಳಿಸಿ ಮೊಹರು ಒತ್ತಿದ.

“ಭೇಷ್!” ಎಂದರು ಸಂಪಾದಕರು, ಬೆಚ್ಚಿಬಿದ್ದು.

“ನಮಗೆ ಬೇಕಾಗಿದ್ದು ಇದೇ ಮೇಡಂ,” ಎಂದ ಕಂಪನಿಯವನು.

“ಯಾವುದು?”

“ಅದೇ... ಈಗ ಓದಿದ್ರಲ್ಲ.”

ಅವಳು ಗೆದ್ದಿದ್ದಳು, ಜಗಳಕ್ಕೆ ಒಬ್ಬರೂ ಬರದೆ. ಇಷ್ಟು ವರ್ಷ ಗೌರವವೆಂದು ಎದೆಗವಚಿಕೊಂಡಿದ್ದ ಮೌನ ಬರೀ ಬೇಸರದ್ದು. ಕುಳಿತು, ಹಲ್ಲು ಕಚ್ಚಿ ಕೇಳಿದಳು: “ಅಕ್ಕ, ನಾನು ಓದುವಾಗ ಯಾವತ್ತಾದ್ರೂ ಕೇಳಿಸ್ಕೊಂಡಿದ್ದೀಯಾ?”

“ನಾನು ಓದುವಾಗ ನೀನು?”

ಅಕ್ಕ ಓದುವಾಗಲೆಲ್ಲ ಅವಳು ತನ್ನ ಸರದಿಯ ಸಾಲುಗಳನ್ನು ಉರು ಹೊಡೆಯುತ್ತಿದ್ದಳು.

ಅಕ್ಕ ತಲೆಯಾಡಿಸಿ ಪೆಟ್ಟಿಗೆಯತ್ತ ಕೈಚಾಚಿದಳು. “ಒಂದು ಎತ್ತಿಟ್ಕೋ. ಕಿತ್ತಳೆ ಬಣ್ಣದ್ದು ಖಾಲಿಯಾಗ್ತಿದೆ.”