ಅಳತೆಗೆ ನಿಂತವರು

ಮಧ್ಯಾಹ್ನ ಊಟಕ್ಕೆಂದು ಮನೆಯ ಕಡೆ ಬರುವ ಟೈಲರ್ ಷಡಕ್ಷರಿಯ ನಡಿಗೆ ನೋಡಿದರೆ ಸಾಕು, ಅಂದು ಅವನು ಯಾರ ಬಟ್ಟೆ ಹೊಲಿಯುತ್ತಿದ್ದಾನೆಂದು ಹೇಳಿಬಿಡಬಹುದಿತ್ತು. ಕುಣಿಗಲ್ಲಿನ ಕುದುರೆ ಫಾರಮ್ಮಿನ ಸವಾರನ ಖಾಕಿ ಕೈಯಲ್ಲಿದ್ದ ದಿನ, ಈಗತಾನೇ ಜೀನಿನಿಂದಿಳಿದವನಂತೆ ಕಾಲಗಲಿಸಿ ನಡೆಯುವನು. ಮಠದ ಅಯ್ಯನವರ ಶಲ್ಯದಂಚು ಮಡಿಸಿದ ದಿನ, ದೃಷ್ಟಿಯನ್ನು ನೆಲಕ್ಕಿಳಿಸಿ, ಇರುವೆಗೂ ದಾರಿ ಬಿಡುವವನಂತೆ ಹೆಜ್ಜೆಯಿಡುವನು. ಬಾಗಿಲಲ್ಲಿ ನಿಂತ ಹೆಂಡತಿ ಗಂಗಾಂಬಿಕೆ, "ಇವತ್ತು ಯಾರ್ರೀ ಬಂದಿರೋದು ಊಟಕ್ಕೆ? ನಮ್ಮನೆಯೋರೇನಾ?" ಎಂದು ಕಿಚಾಯಿಸಿದರೆ, ಸ್ವಂತ ನಡಿಗೆ ನೆನಪಾಗದೆ ತಬ್ಬಿಬ್ಬಾಗುತ್ತಿದ್ದ.

ಎಪ್ಪತ್ತೆಂಟರಲ್ಲಿ ನಾವು ಗುಬ್ಬಿಯಲ್ಲಿ ಅವರ ಪಕ್ಕದ ಮನೆಯಲ್ಲಿದ್ದೆವು. ಮೂರು ತಿಂಗಳಿಗೊಮ್ಮೆ ಲಂಗ ಗಿಡ್ಡವಾಗುವ ವಯಸ್ಸಿನ ಮಗಳನ್ನು ಸೊಂಟಕ್ಕೇರಿಸಿಕೊಂಡು ಅವನ ಅಂಗಡಿಗೆ ಹೋಗುವುದು ನನಗೆ ರೂಢಿ. ಕೂಸಿನ ಬಟ್ಟೆಗೂ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಡುವ ದೂರದೃಷ್ಟಿ ಅವನದು. ಇಂಥ ಗೃಹಸ್ಥನಿಗೆ, ನಾಟಕದ ತಾಲೀಮು ನಡೆಯುವ ಛತ್ರದ ಕಿಟಕಿಗೆ ದಿನವೂ ಜೋತುಬೀಳುವ ಹುಚ್ಚು ಎಲ್ಲಿಂದ ಹತ್ತಿತೆಂದು ಒಮ್ಮೆ ಕೇಳಿಯೇಬಿಟ್ಟೆ. ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು ಹೇಳಿದ: "ಅಳತೆಗೆ ನಿಂತೋರ್ನ ನೋಡಿದೀರಾ ತಾಯಿ? ಒಬ್ರೂ ಅವ್ರಂಗೆ ಅವ್ರು ನಿಂತ್ಕಳಲ್ಲ. ಹೊಟ್ಟೆ ಒಳಕ್ಕೆಳ್ಕೊಂಡು, ಎದೆ ಉಬ್ಬಿಸ್ಕೊಂಡು ಇನ್ಯಾರೋ ಆಗ್ಬುಡ್ತಾರೆ. ಇಪ್ಪತ್ ವರ್ಷದಿಂದ ಅದ್ನೇ ನೋಡ್ತಾ ಇದೀನಿ ಕಣಮ್ಮ. ನಾನೂ ಒಂದ್ಸಲ ಆಗ್ಬೇಕು."

ಆದರೆ ನಾಟಕದವರ ಬಳಿ ಒಂದು ಪಾರ್ಟು ಕೊಡಿ ಎಂದು ಕೇಳಲು, ನಲವತ್ತು ದಾಟಿದವನಿಗೆ ಪ್ರಾಣ ಹೋಗುವಷ್ಟು ನಾಚಿಕೆ.

ಆ ವರ್ಷ ರಾಜನ ಪಾರ್ಟು ಅಕ್ಕಿ ಗಿರಣಿಯ ಓಬಳಯ್ಯನದು, ದಿಮ್ಮಿಯಂಥ ಆಳು. ಅವನ ಮಖಮಲ್ಲಿನ ನಿಲುವಂಗಿಯನ್ನು ಷಡಕ್ಷರಿ ಹದಿನೈದು ದಿನ ತಪಸ್ಸಿನಂತೆ ಹೊಲಿದ. ತೊಡಿಸಿ ನೋಡುವ ದಿನ ನಾನೂ ಅಂಗಡಿಯಲ್ಲಿದ್ದೆ. ಅದು ಓಬಳಯ್ಯನ ಭುಜವನ್ನೇ ದಾಟಲಿಲ್ಲ. ಚೀಟಿಯಲ್ಲಿ ಅಳತೆ ಸರಿಯಾಗಿಯೇ ಇತ್ತು. ಕತ್ತರಿ ಮಾತ್ರ ತನ್ನ ಒಡೆಯನ ಮೈಯನ್ನು ಅನುಸರಿಸಿತ್ತು.

"ಏನ್ಲಾ, ನನ್ ಮೊಮ್ಮಗನ್ಗೆ ಹೊಲ್ದಿದೀಯಾ? ಬಿಚ್ಚಿ ಅಗಲ ಮಾಡ್ಲಾ!"

"ಒಳ್ಗೆ ಬಟ್ಟೆ ಬುಟ್ಟಿಲ್ಲ, ಯಜಮಾನ್ರೆ."

ಷಡಕ್ಷರಿ ಬಟ್ಟೆ ಬಿಡುವುದನ್ನೂ ಮರೆತನೆ! ನಾನು ಬೆರಗಾದೆ. ಜೊತೆಗೆ ಬಂದಿದ್ದ ಹಾರ್ಮೋನಿಯಂ ಮೇಷ್ಟ್ರು ಕರಿಸಿದ್ದಪ್ಪನವರು ನಕ್ಕು, "ಎಲ್ಲಿ, ನೀನೇ ಹಾಕ್ಕೊಳಯ್ಯ, ನೋಡಾನ" ಎಂದರು. ತೊಟ್ಟ. ಎಲ್ಲಿಯೂ ಒಂದು ಸುಕ್ಕಿಲ್ಲ.

"ಓಹೋ! ಪಾರ್ಟೂ ನೀನೇ ಮಾಡ್ಬುಡು ಹಂಗಾದ್ರೆ!" ಓಬಳಯ್ಯ ಹಂಗಿಸಿದ.

"ಮಾಡ್ತೀನಿ," ಎಂದುಬಿಟ್ಟ ಷಡಕ್ಷರಿ.

ರಾಜನ ಪಾರ್ಟೇನೂ ಸಿಗಲಿಲ್ಲ. ಓಬಳಯ್ಯ ಬೇರೆ ಮಖಮಲ್ಲು ತರಿಸಿ, ಕಣ್ಣಮುಂದೆಯೇ ಕುಳಿತು ಹೊಲಿಸಿಕೊಂಡ. ಮೇಷ್ಟ್ರು ಷಡಕ್ಷರಿಗೆ ಕೊಟ್ಟದ್ದು ಬಾಗಿಲು ಕಾಯುವವನ ಎರಡೇ ಮಾತು. ಆ ಎರಡು ಮಾತಿಗಾಗಿ ಅವನು ತಿಂಗಳಿಡೀ, ಮಿಷನ್ನು ತುಳಿಯುತ್ತಲೇ, ನಿದ್ದೆಗಣ್ಣಿನ ಕಾವಲುಗಾರನಾದ, ಹೆಂಡತಿಗೆ ಹೆದರುವ ಕಾವಲುಗಾರನಾದ, ರಾಜನಿಗಿಂತ ಗತ್ತಿನವನೂ ಆದ.

ಬಣ್ಣದ ಗೀಳು ಕೆಲವರಿಗೆ ದೀಪದ ಬೆಳಕಿನಿಂದಲೋ ಚಪ್ಪಾಳೆಯ ಸದ್ದಿನಿಂದಲೋ ಹತ್ತೀತು. ಇನ್ನು ಕೆಲವರು, ದಿನದಿನವೂ ಪರರ ಮೈಮನಸ್ಸುಗಳ ಸಮೀಪದಲ್ಲೇ ತಲೆತಗ್ಗಿಸಿ ದುಡಿಯುವವರು, ಆ ಬಾಳುಗಳ ಒಳಗೆ ಒಮ್ಮೆ ತಮ್ಮ ತೋಳನ್ನು ತೂರಿಸಿ ನೋಡದೆ ಇರಲಾರರು.