ಕಾಗದಕ್ಕೆ ಹಿಡಿಸದ ಕಾಲಂ

ರಿಪೇರಿ ಅಂಗಡಿಯ ಶಟರ್ ಇನ್ನೂ ಅರ್ಧವಷ್ಟೇ ಮೇಲೆದ್ದಿತ್ತು. ಪಟ್ಟಿಯಕ್ಕ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಗ್ಗಿ ಒಳಗೆ ನುಗ್ಗಿದಳು. ಗಂಟೆ ಒಂಬತ್ತೂ ಕಾಲು. ವಿಚಾರಣೆ ಹನ್ನೊಂದಕ್ಕೆ.

"ಇನ್ನೂ ಕಸ ಗುಡಿಸಿಲ್ಲ ಕಣಕ್ಕ," ಎಂದ ರಿಪೇರಿಯವನು. ಸತ್ತ ಮೆಷಿನ್ನುಗಳಿಗೆ ಕಿವಿಯಾನಿಸಿ ಕೇಳುವ ಅಭ್ಯಾಸವಿದ್ದದ್ದರಿಂದ ಬೀದಿಯವರು ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು.

"ಕಸ ನಾನು ಗುಡಿಸ್ತೀನಿ, ನೀವು ಇದನ್ನ ನೋಡಿ. ನಿನ್ನೆ ಸಂಜೆಯಿಂದ ಚಾರ್ಜ್ ಆಗ್ತಿಲ್ಲ. ಹನ್ನೊಂದಕ್ಕೆ ಇದು ಬಾಯಿ ಬಿಡಲೇಬೇಕು."

"ಬಿಡದಿದ್ರೆ?"

"ನಮ್ಮ ಚಿಕ್ಕಿಯ ಬಾಯಿಗೆ ಮಣ್ಣು."

ಡಾಕ್ಟ್ರು ಕೈ ಚಾಚಿ ಲ್ಯಾಪ್‌ಟಾಪ್ ತೆಗೆದುಕೊಂಡ.

ಚಿಕ್ಕಿ ಬಾಗಿಲಲ್ಲೇ ನಿಂತಿದ್ದಳು. ಇಪ್ಪತ್ತಾರರ ಹುಡುಗಿ. ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿತ್ತು. ಇಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವರು, ಗುತ್ತಿಗೆದಾರನ ಆಳುಗಳು. ವಾರ್ಡುಗಳಿಂದ ಬರುವ ಚೀಲಗಳ ಬಾಯಿ ಬಿಚ್ಚಿ, ರಕ್ತ ಕೀವು ಮೆತ್ತಿದ ಹಾಸು ಹೊದಿಕೆಗಳನ್ನು ಕೈಯಿಂದ ವಿಂಗಡಿಸುವುದು ಇವರ ಕೆಲಸ. ಆ ಮಡಿಕೆಗಳ ನಡುವೆ ಯಾರೋ ಅವಸರದಲ್ಲಿ ಬಿಟ್ಟ ಇಂಜೆಕ್ಷನ್ ಸೂಜಿ ಇರುತ್ತದೆ. ಕೈಗವಸು ಕೇಳಿದರೆ ತೆಳ್ಳನೆಯ ಪ್ಲಾಸ್ಟಿಕ್ಕಿನದು ಕೊಡುತ್ತಾರೆ. ಸೂಜಿಗೆ ಅದೂ ಒಂದೇ, ಚರ್ಮವೂ ಒಂದೇ. ಚುಚ್ಚಿಸಿಕೊಂಡವಳಿಗೆ ಮೇಲ್ವಿಚಾರಕ ಹೇಳುವ ಔಷಧಿಯೂ ಒಂದೇ: "ನೀರಲ್ಲಿ ತೊಳ್ಕೋ, ಕೆಲಸ ನೋಡು." ದೂರಿನ ಪುಸ್ತಕ ಅಂತ ಒಂದಿತ್ತು. ಅದು ನೀರಿಗೆ ಬಿದ್ದು ಹಾಳಾಯಿತಂತೆ. ಬಟ್ಟೆ ಒಗೆಯುವ ಜಾಗದಲ್ಲಿ ಬೀಳಲು ನೀರಿಗೇನು ಬರವೇ?

ಅಂದಿನಿಂದಲೇ ಅವಳು ಪಟ್ಟಿಯಕ್ಕನಾದದ್ದು. ಸಂಘದವರು ಎಲ್ಲಿಂದಲೋ ತಂದ ಈ ಮುದಿ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತ ಮೂರು ವರ್ಷ ಬರೆದಳು: ಯಾರಿಗೆ, ಯಾವತ್ತು, ಯಾವ ಬೆರಳಿಗೆ, ಯಾವ ಚೀಲದಿಂದ. ಅರವತ್ತೊಂದು ಸಾಲು. ಐವತ್ತೆಂಟನೆಯದು ಚಿಕ್ಕಿಯದು. ಸೂಜಿ ಚುಚ್ಚಿದ ಮೂರು ತಿಂಗಳಿಗೆ ಅವಳ ಪಿತ್ತಕೋಶ, ಅಲ್ಲ, ಯಕೃತ್ತು ಅಂತ ವೈದ್ಯರು ತಿದ್ದಿದರು, ಊದಿಕೊಂಡಿತು. "ರೋಗ ಹೊರಗಿನಿಂದ ತಂದಿದ್ದಾಳೆ" ಎಂದು ಬರೆದು ಗುತ್ತಿಗೆದಾರ ಅವಳನ್ನು ಕೆಲಸದಿಂದ ಕಿತ್ತೊಗೆದ. ಇಂದಿನ ವಿಚಾರಣೆಯಲ್ಲಿ ಸೂಜಿ ಅಲ್ಲಿಯದೇ ಎಂದು ಸಾಬೀತಾದರೆ ಕೆಲಸವೂ ಉಂಟು, ಚಿಕಿತ್ಸೆಯೂ ಉಂಟು. ಆಗದಿದ್ದರೆ ಎರಡೂ ಇಲ್ಲ.

ಹೋದ ಸಲ ಪಟ್ಟಿಯಕ್ಕ ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದಳು. ಗುತ್ತಿಗೆದಾರನ ವಕೀಲ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇಂಥದ್ದು ಒಂದು ಸಂಜೇಲಿ ಕುಟ್ಟಬಹುದು. ಬರೆದ ಮೆಷಿನ್ನೇ ತರಲಿ, ನೋಡೋಣ," ಎಂದಿದ್ದ. ನಿನ್ನೆ ಸಂಜೆ ಆ ಹಾಳೆಯ ತನ್ನ ಪ್ರತಿಯನ್ನು ಚಿಕ್ಕಿಗೆ ಓದಿ ಹೇಳುತ್ತಿದ್ದಾಗಲೇ ಪಟ್ಟಿಯಕ್ಕನಿಗೆ ಅದು ಕಣ್ಣಿಗೆ ಬಿದ್ದದ್ದು. ಕೊನೆಯ ಕಾಲಂ ಇಲ್ಲ! ಕಾಗದದ ಅಗಲ ಸಾಲದೆ ಚೀಲದ ನಂಬರುಗಳೆಲ್ಲ ಅಂಚಿನಾಚೆಗೇ ಉಳಿದುಬಿಟ್ಟಿದ್ದವು.

ಇದ್ದ ಒಂದೇ ಅಸ್ತ್ರ ಅದು. ಸೂಜಿ ಸಿಕ್ಕಿದ ಚೀಲವನ್ನು ಒಗೆಯುವಂತಿಲ್ಲ, ಬಂದ ವಾರ್ಡಿಗೇ ಹಿಂದಿರುಗಿಸಬೇಕು. ಹಾಗೆ ಹೋದ ಚೀಲದ ನಂಬರನ್ನು ಆಸ್ಪತ್ರೆಯ ಉಗ್ರಾಣದ ಗುಮಾಸ್ತ ತನ್ನ ರಿಜಿಸ್ಟರಿನಲ್ಲಿ "ವಾಪಸ್" ಎಂದು ಬರೆದು, ಕಾರಣ ಬರೆದು, ಸಹಿ ಹಾಕುತ್ತಾನೆ. ಆ ರಿಜಿಸ್ಟರಿಗೆ ಇವರ ಕೈ ತಾಗಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಆಸ್ಪತ್ರೆಯ ಅಕ್ಷರವೇ ಆಸ್ಪತ್ರೆಯ ಕಿವಿ ಹಿಂಡುತ್ತದೆ. ಸುದ್ದಿ ಸೋರಬಾರದೆಂದು ಪಟ್ಟಿಯಕ್ಕ ಮೆಷಿನ್ನಿನ ಪಟ್ಟಿಗೆ ಬೇರೆಲ್ಲೂ ನಕಲು ಇಟ್ಟಿರಲಿಲ್ಲ. ಜಾಣತನ ಎಂದುಕೊಂಡಿದ್ದಳು. ಕಾಲಂ ನೋಡೋಣವೆಂದು ಮೆಷಿನ್ ತೆರೆದರೆ ಅದು ಎರಡು ನಿಮಿಷ ಮಿಟುಕಿ ಕಣ್ಣು ಮುಚ್ಚಿತ್ತು.

ಡಾಕ್ಟ್ರು ಚಾರ್ಜರಿನ ತುದಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿದ. "ಹತ್ತೊಂಬತ್ತು ವೋಲ್ಟ್ ಬರ್ತಿದೆ. ಚಾರ್ಜರ್ ಗಟ್ಟಿ ಇದೆ." ಇನ್ನೊಂದು ಚಾರ್ಜರ್ ಹಾಕಿ ನೋಡಿದ. ಪವರ್ ಗುಂಡಿಯನ್ನು ಅರ್ಧ ನಿಮಿಷ ಅದುಮಿ ಹಿಡಿದ. ಬ್ರಷ್ಷಿನಿಂದ ಪಿನ್ನಿನ ತೂತು ಕೆದಕಿದ. ಆಮೇಲೆ ಭೂತಗನ್ನಡಿ ಹಿಡಿದು ಇಣುಕಿ ಲೊಚಗುಟ್ಟಿದ.

"ಒಳಗಿನ ಸೂಜಿ ಅಲ್ಲಾಡ್ತಿದೆ."

ಚಿಕ್ಕಿ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಹೆದರ್ಬೇಡ ತಾಯಿ, ಇದು ಚುಚ್ಚಲ್ಲ," ಎಂದ ಡಾಕ್ಟ್ರು, ಮೆಲ್ಲಗೆ. ಮೆಷಿನ್ನನ್ನು ಮಗುಚಿ ಹಾಕಿದ. "ಬ್ಯಾಟ್ರಿ ನೋಡಕ್ಕ, ತುಂಬಿದ ಬಸುರಿ ಹಾಗಾಗಿದೆ. ಹೀಗೆ ಊದಿದ್ದಕ್ಕೆ ಕರೆಂಟ್ ಕೊಟ್ರೆ ಹೊತ್ಕೊಂಡ್ರೂ ಹೊತ್ಕೊಂಡೀತು."

"ಸರಿ ಮಾಡಕ್ಕೆ ಎಷ್ಟು ಹೊತ್ತು?"

"ಬಿಚ್ಚಬೇಕು, ಬೆಸುಗೆ ಹಾಕ್ಬೇಕು. ಸಂಜೆ ಆಗುತ್ತೆ."

"ಸಂಜೆಗೆ ತಗೊಂಡು ನಾನೇನು ತಲೆದಿಂಬು ಮಾಡ್ಕೊಳ್ಳಲಾ? ಬಿಚ್ಚೋ ಹಾಗೂ ಇಲ್ಲ ಡಾಕ್ಟ್ರೇ. ತಿರುಪಿನ ಮೇಲೆ ಒಂದು ಗೀರು ಕಂಡ್ರೂ ಆ ವಕೀಲ, ಒಳಗೆ ಕೈ ಹಾಕಿದಾರೆ ಅಂತಾನೆ."

ಡಾಕ್ಟ್ರು ತಲೆ ಕೆರೆದುಕೊಂಡ. ತಳದ ಎರಡು ಚಿಲಕಗಳನ್ನು ಒತ್ತಿ, ಊದಿದ ಬ್ಯಾಟರಿಯನ್ನು ಹಲ್ಲು ಕಿತ್ತ ಹಾಗೆ ಎಳೆದು, ಮರಳು ತುಂಬಿದ ಡಬ್ಬಕ್ಕೆ ಹಾಕಿದ. ಚಾರ್ಜರಿನ ಪಿನ್ನು ಚುಚ್ಚಿ, ಒತ್ತಿ, ಎಡಕ್ಕೆ ಬಾಗಿಸಿ, ಕೊಂಚ ಮೇಲೆತ್ತಿ ಹಿಡಿದ. ಪರದೆ ಬೆಳಗಿತು. ಅವನ ಬೆರಳು ಕೂದಲೆಳೆಯಷ್ಟು ಸಡಿಲವಾದದ್ದೇ ತಡ, ಮತ್ತೆ ಕತ್ತಲು.

"ಹೀಗೇ ಹಿಡ್ಕೊಂಡಿದ್ರೆ ಉಂಟು, ಬಿಟ್ರೆ ಇಲ್ಲ. ಬ್ಯಾಟ್ರಿ ಇಲ್ದೆ ನೇರ ಕರೆಂಟಲ್ಲೇ ಉಸಿರಾಡ್ತಿದೆ. ಹೆಚ್ಚು ಹೊತ್ತು ಓಡಿಸ್ಬೇಡಿ, ಪಿನ್ನು ಕಾಯುತ್ತೆ. ಇನ್ನೊಂದು ಮಾತು, ಆರಿದಾಗೆಲ್ಲ ಇದರ ಗಡಿಯಾರ ಹುಟ್ಟಿದ ದಿನಕ್ಕೇ ಹೋಗುತ್ತೆ. ಹಚ್ಚಿದ ಕೂಡ್ಲೇ ತಾರೀಖು ಸರಿ ಮಾಡ್ಕೊಳ್ಳಿ. ಮರೀಬೇಡಿ."

"ನಾನು ಹಿಡ್ಕೋತೀನಿ," ಎಂದು ಚಿಕ್ಕಿ ಮುಂದೆ ಬಂದಳು. ಎಡಕ್ಕೆಷ್ಟು, ಮೇಲಕ್ಕೆಷ್ಟು ಎಂದು ನಾಲ್ಕು ಸಲ ಕಲಿತಳು. ಐದನೆಯ ಸಲ ಪರದೆ ಅಲುಗದೆ ನಿಂತಿತು.

ಆಸ್ಪತ್ರೆಯ ಎರಡನೆಯ ಮಹಡಿಯ ಸಭೆಯ ಕೋಣೆ. ಉದ್ದ ಮೇಜಿನ ತಲೆಯಲ್ಲಿ ವಿಚಾರಣೆ ನಡೆಸುವ ಕಾರ್ಮಿಕ ಇಲಾಖೆಯ ಮೇಡಂ, ಪಕ್ಕದಲ್ಲಿ ಗುತ್ತಿಗೆದಾರನ ವಕೀಲ. ಕರೆಂಟಿನ ತೂತಿದ್ದದ್ದು ಬಾಗಿಲ ಬಳಿ, ಮೊಣಕಾಲೆತ್ತರದಲ್ಲಿ.

"ಮೇಜಿನ ಮೇಲಿಡಿ," ಎಂದ ವಕೀಲ.

"ಈ ವೈರು ನಿಮ್ಮ ಮಾತಿನಷ್ಟು ಉದ್ದ ಇಲ್ಲ ಸ್ವಾಮಿ," ಎಂದಳು ಪಟ್ಟಿಯಕ್ಕ. ಕುರ್ಚಿಯೊಂದನ್ನು ಗೋಡೆಗೆಳೆದು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಚಿಕ್ಕಿ ಮಂಡಿಯೂರಿ ಪಿನ್ನು ಹಿಡಿದಳು. ಪರದೆ ಬೆಳಗಿತು. ಅರ್ಧ ತೆರೆದುಕೊಂಡು, ಆರಿತು.

"ಆಯ್ತಲ್ಲ," ವಕೀಲ ಗಡಿಯಾರ ನೋಡಿಕೊಂಡ. "ಸಾಕ್ಷಿಗೇ ಜೀವ ಇಲ್ಲ."

ಚಿಕ್ಕಿ ಬೆವರಿದ ಕೈಯನ್ನು ಬಟ್ಟೆಗೊರೆಸಿ ಮತ್ತೆ ಹಿಡಿದಳು. ಈ ಸಲ ಮೆಷಿನ್ನು ಪೂರ್ತಿ ಎದ್ದಿತು. ಪಟ್ಟಿಯಕ್ಕ ಪಟ್ಟಿ ತೆರೆದಳು. ತಾರೀಖಿನ ಮಾತು ಅವಳ ತಲೆಯಿಂದ ಪೂರಾ ಹಾರಿಹೋಗಿತ್ತು.

ವಕೀಲನ ಕಣ್ಣು ಮಾತ್ರ ಹದ್ದಿನದು. ಎದ್ದು ಬಂದವನೇ ಪರದೆಯ ಮೂಲೆಗೆ ಬೆರಳು ತೋರಿಸಿದ. "ಮೇಡಂ, ಇಲ್ಲಿ ನೋಡಿ. ಈ ಮೆಷಿನ್ ಪ್ರಕಾರ ಇವತ್ತು ಹದಿಮೂರು ವರ್ಷದ ಹಿಂದಿನ ತಾರೀಖು. ಇವತ್ತು ಯಾವತ್ತು ಅಂತ ತಿಳೀದೆ ಇರೋದು, ಮೂರು ವರ್ಷದ ದಿನಗಳಿಗೆ ಸಾಕ್ಷಿ ಹೇಳುತ್ತಂತೆ!"

ಮೇಡಂ ಪೆನ್ನು ಕೆಳಗಿಟ್ಟರು. "ಏನಮ್ಮ ಇದು?"

"ಬ್ಯಾಟ್ರಿ ಇಲ್ಲ ಮೇಡಂ. ಆರಿದ್ರೆ ಗಡಿಯಾರ ಹಿಂದಕ್ಕೆ ಹೋಗುತ್ತೆ. ನಾನು ಸರಿ ಮಾಡೋದು ಮರೆತೆ. ತಪ್ಪು ನಂದೇ." ಪಟ್ಟಿಯಕ್ಕ ಮೇಡಂ ಕಡೆ ಒಂದು ಹೆಜ್ಜೆ ಇಟ್ಟಳು. "ಗಡಿಯಾರ ಕೆಟ್ರೆ ಗಾಯ ವಾಸಿಯಾಗುತ್ತಾ? ಮೆಷಿನ್ ಮಾತು ನಂಬ್ಬೇಡಿ, ಬಿಡಿ. ನನ್ನ ಮಾತೂ ನಂಬ್ಬೇಡಿ. ಕೊನೇ ಕಾಲಂ ಓದ್ತೀನಿ, ಅದನ್ನ ಆಸ್ಪತ್ರೆಯ ವಾಪಸ್ ರಿಜಿಸ್ಟರ್ ಜೊತೆ ತಾಳೆ ನೋಡಿ. ಅದು ಇದೇ ಕಟ್ಟಡದಲ್ಲಿದೆ, ಕೆಳಗಿನ ಉಗ್ರಾಣದಲ್ಲಿ."

ವಕೀಲ ತನ್ನ ಕಾಗದಗಳನ್ನು ತಿರುವಿ ಹಾಕಿದ. "ಕೊನೇ ಕಾಲಮ್ಮಾ? ಕೊಟ್ಟ ಹಾಳೇಲಿ ಅದಿಲ್ಲವಲ್ಲ!"

"ಕಾಗದಕ್ಕೆ ಹಿಡಿಸಲಿಲ್ಲ. ನಿಮ್ಮ ಪುಣ್ಯ ಅಷ್ಟು ದಿನ ನಡೀತು."

ಮೇಡಂ ಜವಾನನನ್ನು ರಿಜಿಸ್ಟರಿಗೆ ಅಟ್ಟಿದರು. "ಶುರುವಿಂದ ಓದಮ್ಮ, ಬರ್ಕೋತೀನಿ."

"ಹೌದು, ಕ್ರಮವಾಗಿ ಓದಲಿ," ಎಂದ ವಕೀಲ. ದನಿಯಲ್ಲಿ ಏಕಾಏಕಿ ಜೇನು ಸುರಿಯುತ್ತಿತ್ತು. "ಒಂದೊಂದೇ. ನಿಧಾನವಾಗಿ."

ಪಟ್ಟಿಯಕ್ಕ ಚಿಕ್ಕಿಯ ಕೈ ನೋಡಿದಳು. ಮಣಿಕಟ್ಟಿನ ನರ ಹಗ್ಗದಂತೆ ಎದ್ದಿತ್ತು. ಪಿನ್ನಿನ ಬಳಿ ಪ್ಲಾಸ್ಟಿಕ್ ಕಾದ ಕಮರು ವಾಸನೆ. ಐವತ್ತೆಂಟನೆಯ ಸಾಲಿಗೆ ಹೋಗುವಷ್ಟರಲ್ಲಿ ಅರ್ಧ ಗಂಟೆಯಾದೀತು. ಆ ಕೈ ಐದು ನಿಮಿಷವೂ ತಡೆಯದು. ಕ್ರಮವಂತೆ! ಕ್ರಮ ಅನ್ನುವುದು ಯಾವಾಗಲೂ ಪುರುಸೊತ್ತಿದ್ದವರ ಆಸ್ತಿ.

ಅವಳು ಒಂದೇ ಉಸಿರಿಗೆ ಪಟ್ಟಿಯ ಕೆಳಗಿಳಿದಳು.

"ಐವತ್ತೆಂಟನೇ ಸಾಲು."

"ಮೇಡಂ, ಆಕ್ಷೇಪಣೆ! ಮೊದಲಿಂದ—"

"ಚೀಲದ ನಂಬರು ನಾಲ್ಕು ಸಾವಿರದ ನಾನ್ನೂರ ಹದಿನೇಳು!" ಪಟ್ಟಿಯಕ್ಕನ ದನಿ ಅವನ ದನಿಯ ನೆತ್ತಿಯ ಮೇಲೆ ಕೂತಿತು. "ಹೆಂಗಸರ ಶಸ್ತ್ರಚಿಕಿತ್ಸೆ ವಾರ್ಡು. ಮಾರ್ಚ್ ಒಂಬತ್ತು. ಬಲಗೈ ತೋರುಬೆರಳು. ಬರ್ಕೊಂಡ್ರಾ ಮೇಡಂ?"

"ಬರ್ಕೊಂಡೆ," ಎಂದರು ಮೇಡಂ, ತಲೆ ಎತ್ತದೆ.

ಗುಮಾಸ್ತ ದಪ್ಪ ರಿಜಿಸ್ಟರನ್ನು ಹೊಟ್ಟೆಗಾನಿಸಿಕೊಂಡು ತಾನೇ ಬಂದ. ತನಗೆ ಸಂಬಂಧವಿಲ್ಲದ ವಿಷಯವೆಂದುಕೊಂಡು ಬಂದವನ ಹಾಗೆ ನಿರಾಳವಾಗಿದ್ದ. ಮೇಡಂ ನಂಬರು ಹೇಳಿದರು. ಅವನು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವತೊಡಗಿದ. ಜನವರಿ ಕಳೆಯಿತು. ಫೆಬ್ರವರಿ ಮುಗಿಯಲೊಲ್ಲದು. ಚಿಕ್ಕಿಯ ಮೊಣಕೈ ನಡುಗಿತು. ಪರದೆ ಒಮ್ಮೆ ಮಿಟುಕಿತು.

"ಸಿಕ್ತು. ನಾಲ್ಕು ನಾಲ್ಕು ಒಂದು ಏಳು. ಮಾರ್ಚ್ ಒಂಬತ್ತು. ಹೆಂಗಸರ ಶಸ್ತ್ರಚಿಕಿತ್ಸೆ. ವಾಪಸ್." ಅಲ್ಲಿಗೆ ನಿಲ್ಲಿಸಿ ವಕೀಲನ ಮುಖ ನೋಡಿದ.

"ಕಾರಣ?" ಎಂದರು ಮೇಡಂ.

"ಅದು... ಅಕ್ಷರ ಸ್ವಲ್ಪ..."

"ಅಕ್ಷರ ಯಾರದು?"

"ನಂದೇ."

"ನಿಮ್ಮ ಅಕ್ಷರ ನಿಮಗೇ ಓದಕ್ಕೆ ಬರಲ್ವಾ?"

ಗುಮಾಸ್ತ ಸಾಲಿನ ಮೇಲೆ ಬೆರಳಿಟ್ಟ. "ಕಾರಣ, ಚೀಲದಲ್ಲಿ ಸೂಜಿ. ವಿಂಗಡಿಸುವವಳಿಗೆ ಚುಚ್ಚಿದೆ."

ಪಟ್ಟಿಯಕ್ಕ ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಸೂಜಿ ಎಂದಷ್ಟೇ ಬರೆದಿರುತ್ತಾರೆಂದು ತಿಳಿದಿದ್ದಳು. ಹಾಗಾದರೆ ಇವರಿಗೆ ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು. ಚುಚ್ಚಿದ್ದನ್ನು ಬರೆದು, ಸಹಿ ಹಾಕಿ, ಒಣಗಲು ಬಿಟ್ಟು, ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಕೆಳಗೆ ಹೆಣ್ಣುಮಕ್ಕಳು ಬೆರಳು ತೊಳೆದುಕೊಳ್ಳುತ್ತಿದ್ದರು.

"ಒಂದು ಚೀಲದ್ದು ಕಾಕತಾಳೀಯ," ವಕೀಲ ಕಾಗದ ಜೋಡಿಸಿಕೊಳ್ಳುತ್ತಿದ್ದ. "ಉತ್ತರ ಕೊಡಲು ಮುಂದಿನ ದಿನಾಂಕ ಬೇಕು ಮೇಡಂ."

"ಕೂತ್ಕೊಳ್ಳಿ," ಎಂದರು ಮೇಡಂ. ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡು ಅದರ ಮೇಲೆ ಅಂಗೈ ಊರಿದರು. "ಇದು ಇವತ್ತಿಂದ ನನ್ನ ವಶದಲ್ಲಿರುತ್ತೆ." ಆಮೇಲೆ ಬಾಗಿಲ ಕಡೆ ತಿರುಗಿದರು. "ಬಿಡಮ್ಮ, ಕೈ ಸುಟ್ಟುಕೊಂಡೀಯ. ನಿನ್ನ ಸಾಲು ಆಯ್ತಲ್ಲ."

ಚಿಕ್ಕಿ ತಲೆಯಾಡಿಸಿದಳು. ಇನ್ನೊಂದು ಮಂಡಿಗೆ ಭಾರ ಬದಲಾಯಿಸಿ, ಎಡಗೈಯಿಂದ ಬಲಗೈಯನ್ನು ಭದ್ರವಾಗಿ ಹಿಡಿದುಕೊಂಡಳು.

"ಇನ್ನೂ ಅರವತ್ತು ಇವೆ ಮೇಡಂ. ಅಕ್ಕ, ನೀನು ಓದು."

ಪಟ್ಟಿಯಕ್ಕ ಪಟ್ಟಿಯ ತುದಿಗೇರಿದಳು. "ಒಂದನೇ ಸಾಲು," ಎಂದಳು.