ದರ್ಜಿಯ ಮೊದಲ ಎಂಟ್ರಿ

ಫ್ಯಾನ್ ಅಂಗಡಿಯ ಮಹಡಿಯ ಮೇಲಿನ ಆ ಕೋಣೆಯಲ್ಲಿ ಫ್ಯಾನ್ ಇರಲಿಲ್ಲ. ಕೆಳಗೆ ಸೂರಿನ ತುಂಬ ಬಗೆಬಗೆಯ ಫ್ಯಾನುಗಳನ್ನು ತೂಗುಹಾಕಿಕೊಂಡು ಮಾರುವ ಮನುಷ್ಯ ಮೇಲೆ ಮಾತ್ರ ಕಿಟಕಿಯನ್ನೂ ಮುಚ್ಚಿ ವಾರವಾರ ಅಲ್ಲಿ ಸೇರುವ ಕಾಮಿಕ್ಸ್ ಸಂಗ್ರಹಕಾರರನ್ನೆಲ್ಲ ಬೆವರಿನಲ್ಲಿ ಕೂರಿಸುತ್ತಿದ್ದ. ಗಾಳಿ ತಾಗಿದರೆ ಹಾಳೆ ಹಾರುತ್ತದೆ, ಹಾರಿದ್ದು ಮಡಚಿಕೊಳ್ಳುತ್ತದೆ, ಮಡಚಿಕೊಂಡರೆ ಮುಗಿದೇ ಹೋಯಿತು. ಹಳೆಯ ಕಾಮಿಕ್ಸ್ ಯಾವುದೇ ಕೈಗೆ ಸಿಗಲಿ, ಮೊದಲು ಅದನ್ನು ಪಾರದರ್ಶಕ ಕವರಿನೊಳಗೆ ತೂರಿಸಿ ಆಮೇಲೆ ಬೆಲೆ ಕೇಳುವವನಾದ್ದರಿಂದ ಅವನಿಗೆ ಪ್ಲಾಸ್ಟಿಕ್ ಎಂದೇ ಹೆಸರು ಬಿದ್ದಿತ್ತು. ಹೆಂಡತಿಯೂ ಹಾಗೇ ಕರೆಯುತ್ತಾಳೆ ಎಂದು ಗುಂಪಿನ ಹಿರಿಯರಾದ ಮೇಷ್ಟ್ರು ಹೇಳುತ್ತಿದ್ದರು. ಅವನು ಇಲ್ಲವೆಂದಿರಲಿಲ್ಲ.

ಅವಳು ಮೆಟ್ಟಿಲು ಹತ್ತಿ ಬಂದಾಗ ಪ್ಲಾಸ್ಟಿಕ್, ಮೇಷ್ಟ್ರು ಇಬ್ಬರೂ ಮೇಜಿನ ಬಳಿ ಕೂತಿದ್ದರು. ಜೊತೆಗೆ ಅವಳ ಅಣ್ಣನೂ ಇದ್ದ. ಅಣ್ಣ ಹೇಳಿದ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಬಂದವನಲ್ಲ. ಮನೆ, ಸೈಟು ಮಾರಿಸುವ ದಲ್ಲಾಳಿ, ಕಾಯಿಸುವುದೇ ತನ್ನ ಕಸುಬಿನ ಗುಟ್ಟು ಎಂದು ನಗುವವನು. ಅಂಥವನು ಮೊದಲೇ ಬಂದು ಇಸ್ತ್ರಿಯ ಅಂಗಿಯಲ್ಲಿ ಕೂತಿರುವುದನ್ನು ಕಂಡು ಅವಳು ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಬಾ ಪುಟ್ಟಿ. ಪುಸ್ತಕ ತಂದಿದೀಯ ತಾನೆ?"

"ತಂದಿದೀನಿ ಅಣ್ಣ."

ತರದೆ ಇರಬಹುದಿತ್ತು. ಜ್ವರವೆನ್ನಬಹುದಿತ್ತು. ಆದರೆ ಪುಸ್ತಕ ತಂದು ತೋರಿಸು ಎಂದು ಹೋದ ವಾರ ಎಲ್ಲರೆದುರೇ ಅವನು ಕೇಳಿಬಿಟ್ಟಿದ್ದ. ಹಿಂಜರಿದರೆ ಅದೇ ಒಂದು ಉತ್ತರವಾಗುತ್ತಿತ್ತು. ಅವಳು ಕೈಚೀಲದಿಂದ 'ಮೂರನೇ ಮುಳ್ಳು' ಕಾಮಿಕ್ಸಿನ ಇಪ್ಪತ್ತೇಳನೇ ಸಂಚಿಕೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಇಟ್ಟ ಮೇಲೂ ಬೆರಳು ಅದರ ಅಂಚಿನ ಮೇಲೇ ಉಳಿದಿತ್ತು.

ಅಪ್ಪ ತೀರಿಕೊಂಡ ಮೇಲೆ ಬಾಡಿಗೆ ಮನೆ ಖಾಲಿ ಮಾಡುವಾಗ ಅಣ್ಣ ತಂಗಿ ಹಂಚಿಕೊಳ್ಳಲು ಇದ್ದ ದೊಡ್ಡ ಆಸ್ತಿಯೆಂದರೆ ಒಂದು ಟ್ರಂಕಿನ ತುಂಬ ಕಾಮಿಕ್ಸ್. ಹಂಚಿಕೆಯಲ್ಲಿ ಜಗಳವಾಗಲಿಲ್ಲ, ಯಾಕೆಂದರೆ ಇಬ್ಬರ ಹುಚ್ಚೂ ಬೇರೆಬೇರೆ. ಯಾವುದೇ ಪಾತ್ರ ಮೊಟ್ಟಮೊದಲು ಕಾಣಿಸಿಕೊಳ್ಳುವ ಸಂಚಿಕೆಗೆ ಸಂಗ್ರಹಕಾರರು 'ಮೊದಲ ಎಂಟ್ರಿ' ಎನ್ನುತ್ತಾರೆ; ಬೆಲೆ ಬರುವುದೂ ಅದಕ್ಕೇ. ಅಣ್ಣನಿಗೆ ಅವು ಬೇಕಿದ್ದವು. ಅವಳಿಗೆ ಬೇಕಿದ್ದದ್ದು ಸಾಲು. ಒಂದರಿಂದ ಕೊನೆಯವರೆಗೆ ಎಲ್ಲೂ ಕಡಿಯದೆ, ಈ ಸಂಚಿಕೆಯ ಗಾಯ ಮುಂದಿನ ಸಂಚಿಕೆಯಲ್ಲಿ ಕಲೆಯಾಗುವುದನ್ನು ನೋಡುತ್ತ ಹೋಗುವ ಸುಖ. ಹಾಗಾಗಿ ಮಾತಾಯಿತು: ಮೊದಲ ಎಂಟ್ರಿಗಳೆಲ್ಲ ಅಣ್ಣನಿಗೆ, ಮಿಕ್ಕಿದ್ದೆಲ್ಲ ತಂಗಿಗೆ. ಅಣ್ಣ ಒಯ್ದವುಗಳ ಜಾಗಕ್ಕೆ ಅವಳು ಅಲ್ಲಿ ಇಲ್ಲಿ ಹುಡುಕಿ ಬೇರೆ ಪ್ರತಿಗಳನ್ನು ತಂದು ಸಾಲು ತುಂಬಿಸಿದ್ದಳು. ಇಪ್ಪತ್ತೇಳು ಮಾತ್ರ ಮತ್ತೆ ಸಿಗುವಂಥದ್ದಲ್ಲ. ಗೋದಾಮಿನಲ್ಲಿ ನೀರು ನುಗ್ಗಿ ಆ ಸಂಚಿಕೆಯ ಹೆಚ್ಚಿನ ಪ್ರತಿಗಳು ಮುದ್ದೆಯಾಗಿದ್ದವಂತೆ.

ಈಗ ಅಣ್ಣನ ವಾದ ಏನೆಂದರೆ, ದರ್ಜಿ ಎಂಬ ಖಳನಾಯಕ ಮೊದಲು ಬರುವುದು ಎಲ್ಲರೂ ತಿಳಿದಂತೆ ಮೂವತ್ತೊಂದರಲ್ಲಿ ಅಲ್ಲ, ಇಪ್ಪತ್ತೇಳರಲ್ಲಿ. ಜನರ ನೆರಳನ್ನು ನೆಲಕ್ಕೆ ಹೊಲಿದು ಅವರನ್ನು ನಿಂತಲ್ಲೇ ನಿಲ್ಲಿಸಿಬಿಡುವ ಆ ದರ್ಜಿಗೆ ಹುಚ್ಚು ಬೇಡಿಕೆಯಿತ್ತು. ಈ ಕೋಣೆಯಲ್ಲಿ ಒಪ್ಪಿದ್ದನ್ನು ಹೊರಗಿನವರೂ ಒಪ್ಪುತ್ತಿದ್ದರು, ಮೇಷ್ಟ್ರ ಮಾತಿಗೆ ಅಷ್ಟು ತೂಕ. ಅಣ್ಣ ಆಗಲೇ ಒಬ್ಬ ಗಿರಾಕಿಯನ್ನು ಹಿಡಿದಿಟ್ಟಿದ್ದ. ಇವತ್ತು ಹೌದೆಂದಾದರೆ ಪುಸ್ತಕ ಮಾತಿನಂತೆ ಅಣ್ಣನದು, ನಾಳೆ ಗಿರಾಕಿಯದು.

"ಶುರು ಮಾಡೋಣ್ವ?" ಪ್ಲಾಸ್ಟಿಕ್ ಹತ್ತಿಯ ಕೈಗವಸು ಹಾಕಿಕೊಂಡ. "ಪಿನ್ನು ತುಕ್ಕು ಹಿಡಿದಿದೆ ಅಕ್ಕ, ಬೆನ್ನು ಸಡಿಲ. ಒಂದೇ ಪುಟ ತೆಗೀತೀನಿ. ಆ ಕಡೆ ಈ ಕಡೆ ಮಗುಚೋ ಹಾಗಿಲ್ಲ. ಯಾವ ಪುಟ ಬೇಕೋ ಮೊದಲೇ ಹೇಳಿ."

ಅದು ಆ ಕೋಣೆಯ ಕಟ್ಟಳೆ. ವಾದ ಯಾವುದರ ಮೇಲೋ ಆ ಪುಟವಷ್ಟೇ ತೆರೆಯಬೇಕು.

"ರೈಲ್ವೆ ಸ್ಟೇಷನ್ ಪುಟ," ಅಂದ ಅಣ್ಣ.

ತೆಳ್ಳನೆಯ ಪಟ್ಟಿಯೊಂದನ್ನು ಹಾಳೆಗಳ ನಡುವೆ ತೂರಿಸಿ ಪ್ಲಾಸ್ಟಿಕ್ ಪುಸ್ತಕ ಬಿಡಿಸಿದ. ಪುಟದ ಕೊನೆಯ ಚೌಕದಲ್ಲಿ ಪ್ಲಾಟ್‌ಫಾರ್ಮು, ಜನಜಂಗುಳಿ. ಬಲ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಹೊರಟಿರುವ ಒಬ್ಬ ಗೂನುಬೆನ್ನಿನವ. ಅವನ ಚಿತ್ರ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ.

"ಇವನೇ," ಅಂದ ಅಣ್ಣ. "ಆ ಬೆನ್ನು ನೋಡಿ, ಆ ಟೋಪಿ ನೋಡಿ. ದರ್ಜಿ ಅಲ್ದೆ ಇನ್ಯಾರು?"

ಮೇಷ್ಟ್ರು ಭೂತಗನ್ನಡಿ ಇಳಿಸಿ ಬಹಳ ಹೊತ್ತು ನೋಡಿದರು. ಚಿತ್ರಕಲೆ ಕಲಿಸಿ ನಿವೃತ್ತರಾದವರು. ಗೆರೆ ನೋಡಿ ಚಿತ್ರಕಾರನಿಗೆ ಅವತ್ತು ನೆಗಡಿಯಾಗಿತ್ತು ಎಂದು ಹೇಳಬಲ್ಲೆ ಎಂದು ಜಂಬ ಕೊಚ್ಚುವವರು.

"ಟೋಪಿ ಬೇರೆ. ದರ್ಜಿ ಟೋಪಿಗೆ ಅಂಚಿಲ್ಲ, ಇದಕ್ಕಿದೆ."

"ಟೋಪಿ ಬದಲಾಯಿಸಬಾರದು ಅಂತ ಕಾನೂನಿದೆಯಾ ಮೇಷ್ಟ್ರೇ? ನಿಮ್ಮ ಹತ್ರ ಇರೋದು ಒಂದೇ ಅಂಗಿಯಾ?"

"ದರ್ಜಿ ಕುಂಟ್ತಾನೆ. ಇವನು ಸರಾಗವಾಗಿ ನಡೀತಿದಾನೆ ನೋಡು."

"ಒಂದು ಚೌಕದಲ್ಲಿ ಕುಂಟೋದು ಹೇಗ್ರೀ ಕಾಣತ್ತೆ?"

ಪ್ಲಾಸ್ಟಿಕ್ ಕಿಸಕ್ಕನೆ ನಕ್ಕ. ಅವಳು ನಗಲಿಲ್ಲ, ಅಣ್ಣನ ಕೈ ನೋಡುತ್ತಿದ್ದಳು. ಅವನ ಹೆಬ್ಬೆರಳು ತೋರುಬೆರಳಿನ ಉಗುರನ್ನು ಕೆರೆಯುತ್ತಿತ್ತು. ಸೋಲುವಾಗ ಚಿಕ್ಕಂದಿನಿಂದಲೂ ಹಾಗೇ.

"ಸರಿ, ಇದಕ್ಕೇನಂತೀರಿ?" ಅಣ್ಣ ಮೇಜಿನ ಮೇಲೆ ಬಾಗಿದ. "ಇಲ್ಲಿರೋ ಎಲ್ಲರಿಗೂ ನೆರಳಿದೆ. ಇವನಿಗಿಲ್ಲ! ದರ್ಜಿ ಮೊದಲು ಕಾಲಿಂದ ಬಿಡಿಸಿ ಬೇರೆ ಕಡೆ ಹೊಲಿದದ್ದು ತನ್ನ ನೆರಳನ್ನೇ ಅಂತ ನಲವತ್ತರಲ್ಲಿ ಬರತ್ತಲ್ಲ? ಅದಕ್ಕೇ ಅವನಿಗೆ ನೆರಳಿಲ್ಲ ಅಂತ?"

ಅವನು ನಿಜದ ಹತ್ತಿರ ಬಂದುಬಿಟ್ಟಿದ್ದ.

ಮೇಷ್ಟ್ರು ಮತ್ತೆ ನೋಡಿ ತಲೆಯಾಡಿಸಿದರು. "ಮೂಲೆ ನೋಡಪ್ಪ, ಬೆಂಚಿನ ಕಾಲೂ ಅಳಿಸಿದೆ. ಕಪ್ಪು ಮಸಿ ಕೂತಿಲ್ಲ ಅಷ್ಟೆ. ಅಗ್ಗದ ಮುದ್ರಣದಲ್ಲಿ ಮೂಲೆ ಯಾವಾಗಲೂ ಹೀಗೇ. ಮಸಿ ಕಮ್ಮಿಯಾದ್ದನ್ನೆಲ್ಲ ಕಥೆ ಅಂದ್ಕೊಂಡ್ರೆ ಅರ್ಧ ಊರಿಗೆ ಮೂಗೇ ಇರಲ್ಲ."

"ಹಾಗಲ್ಲ ಮೇಷ್ಟ್ರೇ..."

"ಹೇಗಲ್ಲ? ಬೇರೆ ಪುರಾವೆ ಇದೆಯಾ?"

ಇರಲಿಲ್ಲ. ಅಣ್ಣನಿಗೆ ಇರಲಿಲ್ಲ.

ಅವಳಿಗೆ ಇತ್ತು. ಎಂಟು ವರ್ಷದವಳಿದ್ದಾಗ ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಕಟ್ಟಿದ್ದರು. ಅಮ್ಮ ಔಷಧಿ ತರಲು ಹೋದಾಗಲೆಲ್ಲ ಅಣ್ಣ ಮಂಚದ ಮೇಲೆ ಕಾಲು ಮಡಚಿ ಕೂತು ಹೊಸದಾಗಿ ಬಂದ ಇಪ್ಪತ್ತೇಳನ್ನು ಓದಿ ಹೇಳುತ್ತಿದ್ದ. ಮಾತು ಓದಿದರೆ ಸಾಲದು, ಚಿತ್ರವನ್ನೂ ಹೇಳಬೇಕು; ಇಲ್ಲದಿದ್ದರೆ ಅವಳು ಅಳುತ್ತಿದ್ದಳು, ಅತ್ತರೆ ಪಟ್ಟಿ ಒದ್ದೆಯಾಗುತ್ತಿತ್ತು. ಹಾಗಾಗಿ ಅವನು ಒಂದೂ ಚೌಕ ಬಿಡದೆ ಹೇಳಿದ. ಪಟ್ಟಿ ಬಿಚ್ಚಿದ ದಿನ ಅವಳು ಮೊದಲು ಕೇಳಿದ್ದು ಕನ್ನಡಿಯನ್ನಲ್ಲ, ಆ ಪುಸ್ತಕವನ್ನು. ಅವನು ಹೇಳಿದ್ದೆಲ್ಲ ಅದರಲ್ಲಿ ಹಾಗೆಹಾಗೇ ಇತ್ತು. ಮುಂದೆ ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ ಕೆಲಸ ಹಿಡಿದ ಮೇಲೂ ಅವಳಿಗೆ ಅಷ್ಟು ನಿಚ್ಚಳವಾಗಿ ಮತ್ತೇನೂ ಕಂಡಿದ್ದಿಲ್ಲ.

ಅಣ್ಣ ಅದನ್ನೆಲ್ಲ ಮರೆತಿದ್ದ. ಈ ಪುಸ್ತಕ ಕೊಡಲು ಅವಳಿಗೆ ಆಗದಿದ್ದದ್ದು ಏಕೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಹೇಳಿದರೆ ಅವನು ನಗುತ್ತಾನೇನೋ ಎಂಬ ಅಂಜಿಕೆಯಲ್ಲಿ ಅವಳೂ ಹೇಳಿರಲಿಲ್ಲ.

ಸುಮ್ಮನಿದ್ದರೆ ಸಾಕು, ಎಂದು ತನಗೆ ತಾನೇ ಹೇಳಿಕೊಂಡಳು. ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಸುಳ್ಳು ಹೇಳುವುದೂ ಬೇಕಿಲ್ಲ.

"ಆಯ್ತು ಹಾಗಾದ್ರೆ," ಪುಟ ಬಿಡಿಸುವ ತನ್ನ ಪಟ್ಟಿಯನ್ನು ಪ್ಲಾಸ್ಟಿಕ್ ಎತ್ತಿಕೊಂಡ. "ಮೊದಲ ಎಂಟ್ರಿ ಮೂವತ್ತೊಂದೇ. ಏನ್ ದಲ್ಲಾಳಿಗಳೇ, ಗಿರಾಕಿ ಸಿಕ್ಕಿದ ಅಂತ ಗೂನುಬೆನ್ನಿನವರೆಲ್ಲ ದರ್ಜಿ ಆಗಿಬಿಟ್ರಾ? ನಾಳೆ ನಿಮ್ಮ ಮದುವೆ ಫೋಟೋ ತಂದು ಮೂಲೇಲಿ ದರ್ಜಿ ನಿಂತಿದಾನೆ ಅಂತೀರ."

ಮೇಷ್ಟ್ರು ಕೆಮ್ಮುವಷ್ಟು ನಕ್ಕರು. "ಮನೆ ತೋರ್ಸೋವಾಗ್ಲೂ ಹೀಗೇನಾ? ಗೋಡೆ ಬಿರುಕು ಬಿಟ್ಟಿದ್ರೆ ಅದು ಕಿಟಕಿ ಅಂತ?"

"ಸುಳ್ಳು ಹೇಳ್ತಿಲ್ಲ ನಾನು," ಅಂದ ಅಣ್ಣ. ದನಿ ಕುಗ್ಗಿತ್ತು. "ನೋಡಿದ ತಕ್ಷಣ ಇವನೇ ಅನ್ನಿಸ್ತು. ಯಾಕೆ ಅಂತ ಹೇಳೋಕೆ ಬರ್ತಿಲ್ಲ ಅಷ್ಟೆ."

"ಅನ್ನಿಸಿದ್ದಕ್ಕೆಲ್ಲ ಬೆಲೆ ಕಟ್ಟೋಕಾಗತ್ತಾ?"

ಅಣ್ಣನ ಕಿವಿ ಕೆಂಪಾಗಿತ್ತು. ಪ್ಲಾಸ್ಟಿಕ್ ಪುಸ್ತಕ ಮುಚ್ಚಲು ಹಾಳೆಯ ಕೆಳಗೆ ಬೆರಳು ಹಾಕಿದ.

"ಮುಂದಿನ ಪುಟ ತೆಗೀರಿ," ಎಂದಳು ಅವಳು.

ಮೂವರೂ ತಿರುಗಿದರು. ಹೇಳಿದ್ದು ತಾನೇ ಎಂದು ಅವಳಿಗೂ ಒಂದು ಕ್ಷಣ ಗೊತ್ತಾಗಲಿಲ್ಲ.

"ಅಕ್ಕ, ಒಂದೇ ಪುಟ ಅಂತ ಹೇಳಿದ್ದೆ..."

"ನನ್ನ ಪುಸ್ತಕ. ಹರಿದ್ರೆ ಹರೀಲಿ. ತೆಗೀರಿ."

ಪ್ಲಾಸ್ಟಿಕ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಹೂಂ ಎಂದರು. ಉಸಿರು ಬಿಗಿಹಿಡಿದು ಅವನು ಹಾಳೆ ಮಗುಚಿದ. ತುಕ್ಕುಹಿಡಿದ ಪಿನ್ನು ಕಿರ್ರೆಂದಿತು, ಬಿಡಲಿಲ್ಲ.

"ಮೊದಲನೇ ಚೌಕ. ಟಿಕೆಟ್ ಕೌಂಟರ್ ಗೋಡೆ. ಏನಿದೆ ಮೇಷ್ಟ್ರೇ?"

"ಏನಿದೆ... ಒಂದು ನೆರಳು."

"ಯಾರದು?"

ಮೇಷ್ಟ್ರು ಭೂತಗನ್ನಡಿ ಆಡಿಸಿದರು. ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಬರಿಯ ನೆಲ. ಗೋಡೆಯ ಮೇಲೆ ಮಾತ್ರ ಗೂನುಬೆನ್ನಿನ, ಅಂಚಿರುವ ಟೋಪಿಯ ಒಂದು ನೆರಳು ನಿಂತಿತ್ತು. ಅದರ ಹಿಮ್ಮಡಿಯಿಂದ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಹೊರಟು ಚೌಕದ ಎಡ ಅಂಚಿನಲ್ಲಿ ಮರೆಯಾಗಿತ್ತು.

"ದಾರ," ಎಂದಳು. "ಹಿಂದಿನ ಪುಟದವನ ಕಾಲಿಂದ ಬರ್ತಿದೆ. ಮಸಿ ಕಮ್ಮಿಯಾದ್ರೆ ನೆರಳು ಅಳಿಸಬಹುದು. ಆದರೆ ಮಸಿ ಕಮ್ಮಿಯಾಯ್ತು ಅಂತ ಪುಟ ದಾಟಿ ಬಂದು ಗೋಡೆ ಮೇಲೆ ನಿಲ್ಲತ್ತಾ?"

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ಕಣ್ಣೊರೆಸಿಕೊಂಡರು.

"ದರ್ಜಿನೇ ಕಣಮ್ಮ," ಎಂದರು. "ಇಷ್ಟು ವರ್ಷ ಮೂವತ್ತೊಂದು ಮೂವತ್ತೊಂದು ಅಂತ ಬಡ್ಕೊಂಡೆನಲ್ಲ."

"ಪುಟ್ಟಿ!" ಅಣ್ಣ ಎದ್ದೇ ಬಿಟ್ಟ. ಮುಖ ಅರಳಿತ್ತು. "ಗೊತ್ತಿದ್ದೂ ಇಷ್ಟು ಹೊತ್ತು ತೆಪ್ಪಗೆ ಕೂತಿದ್ಯಲ್ಲೇ! ಎಲ್ಲಿ ಕಂಡುಹಿಡಿದೆ ಇದನ್ನ?"

"ನೀನೇ ಹೇಳಿದ್ದು."

"ನಾನಾ?"

"ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ. 'ಇಲ್ಲೊಂದು ನೆರಳಿದೆ, ಆಳೇ ಇಲ್ಲ ಕಣೇ' ಅಂದೆ ನೀನು. ನಾನು ಹೆದರಿದೆ. 'ಹೆದರಬೇಡ, ದಾರ ಹಿಡ್ಕೊಂಡು ಹೋದ್ರೆ ಆಳು ಸಿಗ್ತಾನೆ' ಅಂತ ನೀನೇ ಅಂದೆ."

ಅಣ್ಣ ಹುಬ್ಬು ಗಂಟಿಕ್ಕಿ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಆಮೇಲೆ ಭುಜ ಹಾರಿಸಿದ. "ನೆನಪಿಲ್ಲಮ್ಮ. ಹೇಳಿರಬಹುದು. ಹೋಗ್ಲಿ ಬಿಡು, ಕೆಲಸಕ್ಕೆ ಬಂತಲ್ಲ." ಕೈ ಚಾಚಿದ. "ಕೊಡು. ಗಿರಾಕಿಗೆ ಫೋನ್ ಮಾಡ್ತೀನಿ."

ಅವಳು ಪುಸ್ತಕವನ್ನು ಪ್ಲಾಸ್ಟಿಕ್‌ನ ಮುಂದಿನಿಂದ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಕೊಡಲ್ಲ."

"ಏನು?"

"ಇದು ಮೊದಲ ಎಂಟ್ರಿ ಹೌದು. ಮಾತಿನ ಪ್ರಕಾರ ನಿನ್ನದೂ ಹೌದು. ಆದರೂ ಕೊಡಲ್ಲ ಅಣ್ಣ."

"ಪುಟ್ಟಿ, ತಮಾಷೆ ಸಾಕು. ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಈಗ ತಪ್ತಿದೀನಿ."

ಜೀವಮಾನದಲ್ಲಿ ಅವಳು ಆಡಿದ ಮಾತಿಗೆ ತಪ್ಪಿದವಳಲ್ಲ. ಅಣ್ಣನ ಮುಖದ ನಗು ಒಂದೊಂದೇ ಕಡೆಯಿಂದ ಇಳಿಯಿತು.

"ಸರಿ," ಎಂದ ಮೆಲ್ಲಗೆ. "ನಿನ್ನ ಮಾತಿಲ್ಲ ಅಂದ್ರೆ ನನ್ನ ಮಾತೂ ಇಲ್ಲ. ಹಂಚಿಕೆ ಮೊದಲಿಂದ ಆಗ್ಲಿ. ನಿನ್ನ ಬೀರುನಲ್ಲಿರೋ ಸಾಲೂ ಟ್ರಂಕಿಂದಲೇ ಬಂದದ್ದು. ಅದರಲ್ಲಿ ನನಗೂ ಪಾಲಿದೆ."

ಅವಳು ಇದನ್ನು ಎಣಿಸಿರಲಿಲ್ಲ. ಬೀರುವಿನ ಗಾಜಿನ ಹಿಂದೆ ಬೆನ್ನಿಗೆ ಬೆನ್ನು ತಾಗಿಸಿ ನಿಂತ ಆ ಸಾಲು ಕಣ್ಣ ಮುಂದೆ ಬಂತು. ಎಷ್ಟು ಭಾನುವಾರಗಳು, ಎಷ್ಟು ಗುಜರಿ ಅಂಗಡಿಗಳು. ಕೈಗವಸು ಬಿಚ್ಚುವುದನ್ನೂ ಪ್ಲಾಸ್ಟಿಕ್ ಮರೆತಿದ್ದ.

"ಪಾಲು ಯಾಕೆ?" ಎಂದಳು. "ಪೂರ್ತಿ ತಗೊಂಡು ಹೋಗು. ನಾನು ತಂದು ಸೇರಿಸಿದ್ದೂ ಸೇರಿ. ಇದೊಂದು ಬಿಟ್ಟು."

"ಪೂರ್ತಿ?"

"ಪೂರ್ತಿ."

"ಹುಚ್ಚಾ ನಿನಗೆ? ಇಪ್ಪತ್ತೇಳಿಲ್ಲದ ಸಾಲು ಕಟ್ಕೊಂಡು ನಾನೇನು ಮಾಡ್ಲಿ? ಸಾಲಿಲ್ಲದ ಇಪ್ಪತ್ತೇಳು ಇಟ್ಕೊಂಡು ನೀನೇನು ಮಾಡ್ತೀಯ?"

"ಓದ್ತೀನಿ," ಎಂದಳು. ಕೈಚೀಲದಿಂದ ಬೀರುವಿನ ಬೀಗದ ಕೈ ತೆಗೆದು ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ, ಬೇಡವೆನ್ನಲೂ ಇಲ್ಲ. ಅವಳನ್ನೇ ನೋಡುತ್ತಿದ್ದ, ಹೊಸಬರನ್ನು ನೋಡುವ ಹಾಗೆ.

ಇನ್ನೊಂದು ಕ್ಷಣ ಕೂತರೆ ಬೀಗದ ಕೈಯನ್ನು ವಾಪಸು ತೆಗೆದುಕೊಂಡುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಪುಸ್ತಕವನ್ನು ಎದೆಗೊತ್ತಿಕೊಂಡು ಎದ್ದಳು. ಮೆಟ್ಟಿಲಿಳಿಯತೊಡಗಿದಳು. ಮೇಲಿನಿಂದ ಮೇಷ್ಟ್ರ ದನಿ ಕೇಳಿಸಿತು: "ಅಲ್ಲಯ್ಯ, ಹಾಗಾದ್ರೆ ಮೊದಲ ಎಂಟ್ರಿ ಯಾರದು? ಆಳಿನದಾ, ನೆರಳಿನದಾ?" ಪ್ಲಾಸ್ಟಿಕ್ ಆಳು ಎಂದ. ಮೇಷ್ಟ್ರು ಮುಖ ಕಾಣದವನನ್ನು ಆಳು ಎನ್ನುವುದು ಹೇಗೆಂದರು. ಇಬ್ಬರ ದನಿಯೂ ಏರಿತು.

ಕೊನೆಯ ಮೆಟ್ಟಿಲ ಮೇಲೆ ಅವಳು ನಿಂತು ಕಿವಿಗೊಟ್ಟಳು. ಅಣ್ಣನ ದನಿಗೆ ಕಾದಳು. ಅದು ಕೇಳಿಸಲಿಲ್ಲ. ಅವರಿಬ್ಬರ ದನಿ ಒಮ್ಮೆ ತಗ್ಗಿದಾಗ ಬೀಗದ ಕೈ ಮೇಜಿನಿಂದ ಎತ್ತಿಕೊಂಡ ಸಣ್ಣ ಸದ್ದು ಮಾತ್ರ ಕೇಳಿಸಿತು, ಆಮೇಲೆ ಕುರ್ಚಿ ಸರಿದದ್ದು. ಅವನು ಇಳಿದು ಬರುವ ಮೊದಲೇ ಅವಳು ಬೀದಿಗೆ ಬಂದು ಬಿಸಿಲಲ್ಲಿ ನಡೆಯತೊಡಗಿದಳು.